ಟಾಂಗಾ ಊರಿನವರಿಗೆ ಬೆಂಗಳೂರಿಂದ ಒಂದು ಬಹಿರಂಗ ಪತ್ರ

ಟಾಂಜಾನಿಯಾದ ಟಾಂಗಾ ಊರಿನ ಹಿರಿಯರಿಗೆಲ್ಲ ಶಿಕಾಮೂ (ಸ್ವಾಹಿಲಿಯಲ್ಲಿ ದೊಡ್ಡವರಿಗೆ ಹೇಳೋ ನಮಸ್ಕಾರ), ಉಳಿದ ಅಣ್ಣ ಅಕ್ಕಂದಿರಿಗೆ ನಮಸ್ಕಾರ.

ಈ ಕಾಗದ ಕನ್ನಡದಲ್ಲಿದೆ, ನಿಮಗೆ ಕನ್ನಡ ಬರಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮಕ್ಕನ ಮಗ ದಾರ್ ಎಸ್ ಸಲಾಮಲ್ಲಿ ಕೆಲಸದಲ್ಲಿದ್ದಾನೆ, ಅವನು ಅಲ್ಲಿಯ ಸ್ನೇಹಿತರ ಹತ್ರ ಸ್ವಾಹಿಲಿ ಮಾಡಿಸಿ ನಿಮಗೆ ಮುಟ್ಟಿಸ್ತೀನಿ ಅಂದಿದ್ದಾನೆ. ಆದ್ರೂ ಮೊದಲು ಕನ್ನಡದಲ್ಲೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ನಿಮಗೆ ಬರೆದಿದ್ದನ್ನ ನಮ್ಮೂರಿನವರು ಕದ್ದು ಓದ್ಬೇಕು ಅನ್ನೋದೇ ನನ್ನ ಆಸೆ. ನೇರವಾಗಿ ಬೆಂಗಳೂರಿನವರಿಗೆ ಬರೆದ್ರೆ ಯಾರೂ ಓದಲ್ಲ, ಪಕ್ಕದ ಮನೆಗೆ ಬಂದ ಕಾಗದ ಅಂದ್ರೆ ಎಲ್ಲರೂ ಓದ್ತಾರೆ.

ನಾನು ಬ್ಯಾಂಕಲ್ಲಿ ಮೂವತ್ತು ವರ್ಷ ಕೌಂಟರ್ ಹಿಂದೆ ಕೂತು ರಿಟೈರ್ ಆದವನು, ಇತಿಹಾಸದ ಮೇಷ್ಟ್ರೇನಲ್ಲ. ಚಿಕ್ಕಂದಿನಿಂದ ಬ್ರಿಗೇಡ್ ರೋಡಲ್ಲಿ ಓಡಾಡಿದವನು, ಯಾವ ಬ್ರಿಗೇಡು ಏನು ಕತೆ ಅಂತ ಒಂದು ದಿನಾನೂ ಕೇಳಿದವನಲ್ಲ. ಹೋದ ವರ್ಷ ಅಕ್ಕನ ಮಗನ ಮನೇಲಿ ಒಂದು ತಿಂಗಳು ಇದ್ದೆ, ಸುಮ್ನೆ ಕೂತು ಬೇಜಾರಾಗಿ "ಎಲ್ಲಾದ್ರೂ ಸಮುದ್ರ ಇರೋ ಚಿಕ್ಕ ಊರಿಗೆ ಕರ್ಕೊಂಡ್ ಹೋಗೋ" ಅಂದೆ. ಸಮುದ್ರ ದಾರಲ್ಲೂ ಇದೆಯಲ್ಲ ಮಾವ ಅಂತ ಗೊಣಗ್ತಾನೇ ಟಾಂಗಾ ಬಸ್ಸಿಗೆ ಟಿಕೆಟ್ ಮಾಡಿಸಿದ. ಟಾಂಗಾ ಅಂದ್ರೆ ನಮ್ ಕಡೆ ಕುದುರೆಗಾಡಿ, ಆ ಹೆಸರು ಕೇಳಿ ನಾನು ನಕ್ಕಿದ್ದೆ. ಸ್ವಾಹಿಲಿಯಲ್ಲಿ ಹಾಯಿಪಟ ಅಂತೆ. ಚಲಿಂಝೆ, ಸೆಗೇರಾ, ಮುಹೇಝಾ ಅಂತ ಊರುಗಳು ದಾಟ್ತಾ ಹೋದ್ವಿ, ಮುಹೇಝಾ ಹತ್ರ ಕಿಟಕಿಗೆ ಕಿತ್ತಳೆ ಹಣ್ಣು ಮಾರೋಕೆ ಬಂದ್ರು, ಆಮೇಲೆ ಎರಡೂ ಕಡೆ ಕತ್ತಾಳೆ ಗಿಡದ ಸಾಲು ಸಾಲು ತೋಟ, ಸೈಸಲ್ ಅಂತಾರಲ್ಲ ಅದು, ಹಿಂದೆ ಆ ಸೀಮೆ ಆಳ್ತಿದ್ದ ಜರ್ಮನ್ನರು ತಂದು ಬೆಳೆಸಿದ್ದು.

ನಿಮ್ಮೂರಿಗೆ ಬಂದಾಗ ನನಗೆ ಯುದ್ಧದ ವಿಷಯ ಏನೂ ಗೊತ್ತಿರಲಿಲ್ಲ. ಊರು ಮೊದಲ ನೋಟಕ್ಕೇ ಇಷ್ಟ ಆಯ್ತು. ಎಲ್ಲಿ ನೋಡಿದ್ರೂ ಸೈಕಲ್ಲು, ಹುಡುಗರು, ಹೆಂಗಸರು, ಟೋಪಿ ಹಾಕಿದ ಮುದುಕರು, ಎಲ್ಲರೂ ಸೈಕಲ್ ಮೇಲೆ. ನ್ಗಾಮಿಯಾನಿ ಕಡೆ ಬೀದಿಗಳಿಗೆ ಹೆಸರಿಲ್ಲ, ಒಂದನೇ ರಸ್ತೆ ಎರಡನೇ ರಸ್ತೆ ಅಂತ ನಂಬರ್ರು, ನಮ್ಮ ಮಲ್ಲೇಶ್ವರದ ಕ್ರಾಸ್‌ಗಳ ಥರಾನೇ, ದಾರಿ ತಪ್ಪಿದ್ರೂ ತಪ್ಪಿದ ಹಾಗೆ ಅನ್ನಿಸಲ್ಲ. ಹಳೇ ಜರ್ಮನ್ ಕಚೇರಿ ಕಟ್ಟಡದಲ್ಲಿ ಒಂದು ಚಿಕ್ಕ ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಹೋಗಿ ವಾಪಸ್ ಬರೋವಾಗ ಮರದಡಿ ಕೂತಿದ್ದ ಒಬ್ಬ ತಾತ ಎಲ್ಲಿಯವರು ಅಂತ ಕೇಳಿದ್ರು. ಇಂಡಿಯಾ, ಬೆಂಗಳೂರು ಅಂದ್ವಿ. ತಾತ ಒಂದು ಸಲ ನೋಡಿ, ನಕ್ಕು, ಏನೋ ಹೇಳಿದ್ರು, ಅಕ್ಕನ ಮಗ ಅರ್ಥ ಮಾಡ್ಕೊಂಡು ನನಗೆ ಹೇಳಿದ್ದು ಇಷ್ಟು: "ನಿಮ್ಮವರು ಮೊದಲೊಂದು ಸಲ ಬಂದಿದ್ರು, ಜೇನು ಓಡಿಸ್ತು."

ಅಷ್ಟೇ. ತಾತ ತಮಾಷೆಗೇ ಹೇಳಿದ್ದು, ನಾನೂ ನಕ್ಕೆ. ರಾತ್ರಿ ರೂಮಿಗೆ ಬಂದು ಫೋನಲ್ಲಿ ಹುಡುಕಿ ಓದಿದ ಮೇಲೆ ನಿದ್ದೆ ಬರಲಿಲ್ಲ.

ನಮ್ಮೂರಿನವರಿಗೋಸ್ಕರ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ, ನೀವು ತಾಳ್ಮೆ ತಗೋಬೇಕು, ನಿಮಗೆ ಗೊತ್ತಿರೋದೇ. 1914ರ ನವೆಂಬರ್ 2ರಿಂದ 5ರವರೆಗೆ, ಮೊದಲನೇ ಮಹಾಯುದ್ಧ ಶುರುವಾಗಿ ಮೂರೇ ತಿಂಗಳಿಗೆ, ಮಿತ್ರಪಕ್ಷದ ಕಡೆಯಿಂದ ಬ್ರಿಟಿಷರು ಜರ್ಮನ್ ಈಸ್ಟ್ ಆಫ್ರಿಕಾದ ಬಂದರು ಟಾಂಗಾದಲ್ಲಿ ಸೈನ್ಯ ಇಳಿಸಿದ್ರು. ಸುಮಾರು 8,000 ಜನ. ಆ ಪಡೆಯ ಹೆಸರು ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್ ಬಿ. ಅದರೊಳಗಿದ್ದ ಎರಡು ಬ್ರಿಗೇಡ್‌ಗಳಲ್ಲಿ ಒಂದರ ಹೆಸರು 27ನೇ ಬೆಂಗಳೂರು ಬ್ರಿಗೇಡ್. ಹೌದು ಸ್ವಾಮಿ, ಬೆಂಗಳೂರು ಬ್ರಿಗೇಡ್. ಬ್ರಿಗೇಡ್ ರೋಡಿನ ಹೆಸರು ಆ ಬ್ರಿಗೇಡಿಂದಲೇ ಬಂತು ಅಂತ ನಾನು ಹೇಳ್ತಿಲ್ಲ, ಹಾಗೆ ಗಂಟು ಹಾಕೋ ಚಾಳಿ ನಮ್ಮಲ್ಲಿ ಜಾಸ್ತಿ. ಆದ್ರೆ ನಮ್ಮೂರಿನ ಹೆಸರು ಹೊತ್ತುಕೊಂಡು ನಿಮ್ಮೂರಿನ ಮೇಲೆ ಬಿದ್ದ ಸೈನ್ಯ ಒಂದಿತ್ತು, ಅದು ದಾಖಲೆಯಲ್ಲಿರೋ ಮಾತು.

ಈ ಹೆಸರಿನಲ್ಲೇ ಒಂದು ತಮಾಷೆ ಇದೆ ನೋಡಿ. ಬೆಂಗಳೂರು ಬ್ರಿಗೇಡಲ್ಲಿ ಇದ್ದ ಇಂಗ್ಲಿಷರ ದಂಡು, ಲಾಯಲ್ ನಾರ್ತ್ ಲಂಕಾಶೈರ್‌ನ 2ನೇ ಬೆಟಾಲಿಯನ್, ಅದೇ ನಿಜವಾಗ್ಲೂ ಆಗ ಬೆಂಗಳೂರು ದಂಡಿನಲ್ಲಿ ಬೀಡುಬಿಟ್ಟಿದ್ದದ್ದು. ಅದರ ಜೊತೆ 63ನೇ ಪಾಳಯಂಕೋಟೆ ಲೈಟ್ ಇನ್‌ಫೆಂಟ್ರಿ, 98ನೇ ಇನ್‌ಫೆಂಟ್ರಿ, 101ನೇ ಗ್ರೆನೇಡಿಯರ್ಸ್. ತಮಿಳು ಸೀಮೆಯ ಹೆಸರಿನದ್ದು, ಹೈದರಾಬಾದಿನ ಹಳೇ ಪಡೆಯಿಂದ ಬಂದದ್ದು, ಬಾಂಬೆ ಸೈನ್ಯದ್ದು, ಎಲ್ಲಾ ಸೇರಿಸಿ ಬೆಂಗಳೂರು ಬ್ರಿಗೇಡ್. ಕನ್ನಡಿಗರ ಸೈನ್ಯ ಅಂತ ಎದೆ ತಟ್ಕೊಳ್ಳೋಕೂ ಆಗಲ್ಲ, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ಕೈ ತೊಳ್ಕೊಳ್ಳೋಕೂ ಆಗಲ್ಲ. ಇನ್ನೊಂದು ಬ್ರಿಗೇಡಲ್ಲಿ 13ನೇ ರಜಪೂತರು, ಕಾಶ್ಮೀರ ರೈಫಲ್ಸ್, ಗ್ವಾಲಿಯರ್ ಸಂಸ್ಥಾನದವರು. ಜೊತೆಗೆ 61ನೇ ಪಯೋನಿಯರ್ಸ್, ಮದ್ರಾಸ್ ಸೈನ್ಯದವರು, ರಸ್ತೆ ಕಡಿಯೋದು ಸೇತುವೆ ಕಟ್ಟೋದು ಅವರ ಕೆಲಸ, ಅವರನ್ನೇ ಮೊದಲು ದಡಕ್ಕೆ ಇಳಿಸಿ ಹೊಡೆದಾಟಕ್ಕೆ ಬಿಟ್ರು.

ಬಾಂಬೆಯಿಂದ ಹಡಗು ಹೊರಟಿದ್ದು ಅಕ್ಟೋಬರ್ 16ಕ್ಕೆ. ಸೆಕೆಯಲ್ಲಿ ಹಡಗಿನ ಹೊಟ್ಟೆಯೊಳಗೆ ಕುರಿ ತುಂಬಿದ ಹಾಗೆ ತುಂಬಿದ್ರು, ಬಹಳ ಜನಕ್ಕೆ ಅದೇ ಮೊದಲ ಸಮುದ್ರ, ಎರಡು ವಾರ ವಾಂತಿ ಮಾಡ್ಕೊಂಡೇ ಬಂದಿದ್ದಾರೆ. ಕೆಲವು ದಂಡುಗಳಿಗೆ ಹೊಸ ಮಾದರಿ ರೈಫಲ್ ಕೊಟ್ಟಿದ್ದು ಹೊರಡೋ ಹೊತ್ತಿಗೆ, ಮೆಷಿನ್ ಗನ್ ಕೂಡ ಹಾಗೇ, ಕೈಗೆ ಕೂರೋ ಮೊದಲೇ ಯುದ್ಧ. ಒಬ್ಬರ ಜೊತೆ ಒಬ್ಬರು ಒಂದು ದಿನಾನೂ ಕವಾಯತು ಮಾಡದ ದಂಡುಗಳು. ಮೊಂಬಾಸಾದಲ್ಲಿ ಎರಡು ದಿನ ಇಳಿಸಿ ಕಾಲು ಸಡಿಲ ಮಾಡಿಸಿ ಅಂತ ಹೇಳಿದವರೂ ಇದ್ರು, ಇಡೀ ಪಡೆಯ ಮುಖ್ಯಸ್ಥ ಜನರಲ್ ಏಟ್ಕೆನ್ ಸಾಹೇಬ್ರು ಬೇಡ ಅಂದ್ರು. ಎದುರಿಗಿರೋದು ಆಫ್ರಿಕಾದ ಅಸ್ಕಾರಿ ಸಿಪಾಯಿಗಳು ತಾನೇ, ಏನ್ ಮಹಾ ಅನ್ನೋ ಧೋರಣೆ. ಕರೀ ಚರ್ಮ ನೋಡಿ ಅಳೆಯೋ ಆ ಅಳತೆಗೋಲು ಎಷ್ಟು ದುಬಾರಿ ಬಿತ್ತು ಅಂತ ಮುಂದೆ ಗೊತ್ತಾಯ್ತು, ಆದ್ರೆ ಬೆಲೆ ಕೊಟ್ಟಿದ್ದು ಸಾಹೇಬ್ರಲ್ಲ.

ಈಗ ನಿಮ್ಮೂರಿನ ಕಡೆಯಿಂದ ಯೋಚನೆ ಮಾಡೋಣ. ನವೆಂಬರ್ 2ರ ಬೆಳಿಗ್ಗೆ. ಬಂದರಿನ ಮುಂದೆ ಫಾಕ್ಸ್ ಅನ್ನೋ ಯುದ್ಧನೌಕೆ ಬಂದು ನಿಲ್ಲುತ್ತೆ. ಆಗಸ್ಟಲ್ಲಿ ಬ್ರಿಟಿಷ್ ನೌಕಾಪಡೆಯವರೇ ಈ ಊರಿನ ಜೊತೆ ಒಂದು ಒಪ್ಪಂದ ಮಾಡ್ಕೊಂಡಿದ್ರು, ನೀವು ಹೊಡೀಬೇಡಿ ನಾವೂ ಹೊಡಿಯಲ್ಲ ಅಂತ. ಲಂಡನ್ನಿನವರು ಅದನ್ನ ಒಪ್ಪಲಿಲ್ಲ. ಹಾಗಂತ ಹೇಳದೇ ಕೇಳದೇ ನುಗ್ಗೋದು ಮರ್ಯಾದೆ ಅಲ್ಲ ಅಂತ ಫಾಕ್ಸ್‌ನ ಕ್ಯಾಪ್ಟನ್ ಊರಿನ ಜರ್ಮನ್ ಅಧಿಕಾರಿ ಔರಾಖರ್ ಅನ್ನೋರನ್ನ ಕರೆಸಿ, ಒಪ್ಪಂದ ಮುಗೀತು, ಒಂದು ಗಂಟೆ ಟೈಮು, ಶರಣಾಗಿ ಅಂದ್ರು. ಬಂದರಲ್ಲಿ ಮೈನ್, ಅಂದ್ರೆ ನೀರೊಳಗೆ ಸಿಡಿಯೋ ಬಾಂಬು, ಇಟ್ಟಿದ್ದೀರಾ ಅಂತಾನೂ ಕೇಳಿದ್ರಂತೆ. ಶತ್ರುವನ್ನೇ ಕೇಳೋದು! ಔರಾಖರ್ ವಾಪಸ್ ದಡಕ್ಕೆ ಹೋದವನು ಯೂನಿಫಾರ್ಮ್ ಹಾಕ್ಕೊಂಡು ದಂಡಿಗೆ ಸೇರ್ಕೊಂಡ. ಇತ್ತ ಇಲ್ಲದ ಮೈನ್ ಹುಡುಕ್ತಾ ಬ್ರಿಟಿಷರು ಹೊತ್ತು ಕಳೆದ್ರು.

ಆ ಹೊತ್ತಲ್ಲಿ ಊರಲ್ಲಿ ಏನಾಗಿರಬಹುದು ಅನ್ನೋದೇ ನನ್ನ ತಲೆಯಲ್ಲಿ ಕೊರೀತಿರೋದು. ಟಾಂಗಾ ಆಗ ಹಳ್ಳಿ ಏನಲ್ಲ, ಮೋಶಿಯವರೆಗೆ ಹೋಗೋ ಉಸಂಬಾರಾ ರೈಲು ಅಲ್ಲಿಂದಲೇ ಹೊರಡ್ತಿದ್ದದ್ದು, ಸ್ಕೂಲಿತ್ತು, ಕಿಯೊಂಗೋಝಿ ಅನ್ನೋ ಸ್ವಾಹಿಲಿ ಪತ್ರಿಕೆ ಅಲ್ಲೇ ಅಚ್ಚಾಗ್ತಿತ್ತು. ಬಜಾರಲ್ಲಿ ನಮ್ಮ ಗುಜರಾತಿಗಳ ಅಂಗಡಿಗಳು. ಜರ್ಮನ್ನರ ಆಳ್ವಿಕೆಯಲ್ಲೂ ದುಡ್ಡಿನ ಹೆಸರು ರೂಪಾಯಿ, ರೂಪೀ ಅಂತ ಬರೀತಿದ್ರು, ನೂರು ಹೆಲ್ಲರ್‌ಗೆ ಒಂದು. ಇಂಡಿಯಾದ ರೂಪಾಯಿ ಆ ಕರಾವಳಿಯಲ್ಲಿ ಮೊದಲಿಂದ ಓಡ್ತಿದ್ದದ್ದರ ಗುರುತು. ನೂರಾರು ವರ್ಷ ಗಾಳಿ ನೋಡ್ಕೊಂಡು ಹಾಯಿಹಡಗಲ್ಲಿ ಬಟ್ಟೆ, ಮಣಿ ತಗೊಂಡು ಬರ್ತಿದ್ದ ಜನ ನಾವು, ಗಾಡಿಗೆ ನೀವು ಗಾರಿ ಅಂತೀರಿ, ಲಕ್ಷಕ್ಕೆ ಲಾಕಿ ಅಂತೀರಿ, ಚಪಾತಿಗೆ ಚಪಾತಿ ಅಂತಾನೇ ಅಂತೀರಿ. ಅದೇ ದಿಕ್ಕಿಂದ, ಅದೇ ಮುಖಚಹರೆಯ ಜನ, ಈ ಸಲ ಬಂದೂಕು ಹಿಡ್ಕೊಂಡು ಇಳೀತಿದ್ದಾರೆ. ಅಂಗಡಿ ಬಾಗಿಲು ಹಾಕ್ತಿದ್ದ ಗುಜರಾತಿ ಶೇಟುಗೆ ಎಷ್ಟು ಹೊಟ್ಟೆ ತೊಳಸಿರಬೇಡ, ಇವರು ನಮ್ಮವರೋ ಅಲ್ವೋ ಅಂತ. ಮೀನು ತರೋಕೆ ಹೋದವರ ದೋಣಿ ಎಲ್ಲಿ ನಿಂತಿತ್ತೋ. ಬ್ರಿಟಿಷರ ವರದಿ ಓದಿದ್ರೆ ಊರು ಅಂದ್ರೆ ಬಂದರು, ಕಸ್ಟಮ್ಸ್ ಹೌಸು, ರೈಲ್ವೆ ಕಟಿಂಗು. ಜರ್ಮನ್ನರದ್ದು ಓದಿದ್ರೂ ಅಷ್ಟೇ. ಊರಿನವರೇ ಕಾಣೆ.

ಸೈನ್ಯ ಇಳಿದಿದ್ದು ಬಂದರಲ್ಲಿ ಅಲ್ಲ, ಊರಿಂದ ಒಂದೆರಡು ಮೈಲಿ ಆಚೆ ರಾಸ್ ಕಝೋನೆಯಲ್ಲಿ. ಈಗ ನೀವು ಅಲ್ಲಿ ಸಂಜೆ ಈಜೋಕೆ ಹೋಗ್ತೀರಲ್ಲ, ಅದೇ. ನಾವೂ ಹೋಗಿ ಕೂತಿದ್ವಿ. ಕಾಂಡ್ಲಾ ಗಿಡದ ಬೇರು, ಕೆಸರು, ಅದರ ಮೇಲೆ ಕಡಿದಾದ ದಿಬ್ಬ. ಕತ್ತಲಲ್ಲಿ ಸೊಂಟದವರೆಗೆ ನೀರಲ್ಲಿ ಇಳಿದು ದಿಬ್ಬ ಹತ್ತಿದ ರಜಪೂತರನ್ನೂ ಪಯೋನಿಯರ್‌ಗಳನ್ನೂ ನಿದ್ದೆ ಊಟ ಇಲ್ಲದೇ 3ನೇ ತಾರೀಕು ಬೆಳಗಿನ ಜಾವ ಊರಿನ ಕಡೆ ನಡೆಸಿದ್ರು. ಆಗ ಊರು ಕಾಯ್ತಿದ್ದದ್ದು ಹೆಚ್ಚುಕಮ್ಮಿ ಒಂದೇ ಒಂದು ಜರ್ಮನ್ ಕಂಪನಿ. ಆದ್ರೂ ರೈಲು ಹೋಗೋಕೆ ನೆಲ ಕಡಿದು ಮಾಡಿದ ಹಳ್ಳದ ಹತ್ರ, ಅದೇ ರೈಲ್ವೆ ಕಟಿಂಗು, ತಡೆದು ಹಿಂದಕ್ಕೆ ಅಟ್ಟಿದ್ರು. ಅವತ್ತು ಉಳಿದ ದಿನ ಬ್ರಿಟಿಷರು ಮಿಕ್ಕ ಸೈನ್ಯ ಇಳಿಸ್ತಾ ಕೂತ್ರು, ಜರ್ಮನ್ನರು ಉಸಂಬಾರಾ ರೈಲಲ್ಲಿ ಮೋಶಿ ಕಡೆಯಿಂದ ಜನ ತುಂಬ್ಕೊಂಡು ಬಂದ್ರು.

ಅವರ ಕಮಾಂಡರ್ ಪೌಲ್ ಫಾನ್ ಲೆಟ್ಟೋ ಫೋರ್ಬೆಕ್ ರಾತ್ರಿ ಊರಿಗೆ ಬಂದು ಏನು ಮಾಡಿದ ಗೊತ್ತಾ, ಸೈಕಲ್ ಹತ್ತಿ ಖಾಲಿ ಬೀದಿಗಳಲ್ಲಿ ಬಂದರಿನವರೆಗೆ ಒಂದು ರೌಂಡ್ ಹೊಡೆದು ಬಂದ. ಎದುರಿಗೆ ದೀಪ ಹಾಕ್ಕೊಂಡು ನಿಂತ ಹಡಗುಗಳನ್ನ ದಡದಿಂದ ನೋಡಿದ. ಈ ಕಡೆ ಏಟ್ಕೆನ್ ಸಾಹೇಬ್ರು ಮುಂದೆ ಏನಿದೆ ಅಂತ ಸರಿಯಾಗಿ ನೋಡಿಸಲೂ ಇಲ್ಲ. ನಿಮ್ಮೂರಿನ ಸೈಕಲ್‌ಗಳನ್ನ ನೋಡಿದಾಗೆಲ್ಲ ನನಗೆ ಇದೇ ನೆನಪಾಗ್ತಿತ್ತು. ಒಂದು ಸೈಕಲ್ಲು, ಎಂಟು ಸಾವಿರ ಜನ.

4ನೇ ತಾರೀಕು ಮಧ್ಯಾಹ್ನ ಸುಡು ಬಿಸಿಲಲ್ಲಿ ಇಡೀ ಸೈನ್ಯ ಮುಂದೆ ಹೊರಟಿತು. ಪೊದೆ, ರಬ್ಬರ್ ತೋಟ, ಪಕ್ಕದವನು ಪಕ್ಕದವನಿಗೆ ಕಾಣಲ್ಲ, ಬಾಯಾರಿಕೆ ಬೇರೆ. ಸಮುದ್ರದ ಪಕ್ಕ ಇದ್ದ ಕಾಶ್ಮೀರ ರೈಫಲ್ಸ್‌ನವರು, ಅವರಲ್ಲಿ ಗೂರ್ಖಾಗಳೂ ಇದ್ರು, ಮತ್ತೆ ಲಂಕಾಶೈರ್‌ನವರು ಊರೊಳಗೆ ನುಗ್ಗೇಬಿಟ್ರು. ಬೀದಿ ಬೀದಿಯಲ್ಲಿ, ಮನೆ ಮನೆ ಬಾಗಿಲಲ್ಲಿ ಹೊಡೆದಾಟ, ಕಸ್ಟಮ್ಸ್ ಹೌಸ್ ಹಿಡಿದ್ರು, ಡಾಯ್ಚರ್ ಕೈಸರ್ ಅನ್ನೋ ಹೋಟೆಲ್ ಮೇಲಿದ್ದ ಜರ್ಮನ್ ಬಾವುಟ ಇಳಿಸಿ ತಮ್ಮದು ಹಾರಿಸಿದ್ರು. ಅತ್ತ ಮಧ್ಯದಲ್ಲಿ ಪಾಳಯಂಕೋಟೆಯವರು ಮೆಷಿನ್ ಗನ್ ಸುರಿಮಳೆಗೆ ಚೆದುರಿ ಹೋದ್ರು. ಎಡಗಡೆಯ 101ನೇ ಗ್ರೆನೇಡಿಯರ್ಸ್ ಕೊನೆವರೆಗೂ ನಿಂತು ಬಹಳ ಜನರನ್ನ ಕಳ್ಕೊಂಡ್ರು, ಆ ಕಡೆಯಿಂದಲೇ ಲೆಟ್ಟೋ ತಿರುಗೇಟು ಕೊಟ್ಟಿದ್ದು. ಆಮೇಲೆ ಇಂಗ್ಲಿಷ್ ಪುಸ್ತಕಗಳಲ್ಲಿ ಇಂಡಿಯನ್ ಸಿಪಾಯಿಗಳು ಹೇಡಿಗಳು ಅನ್ನೋ ಹಾಗೆ ಬರೆದ್ರು. ಅದರಲ್ಲಿ ಬಹಳಷ್ಟು ಕತೆಗೆ ಮೂಲ ಮೈನರ್ಟ್ಸ್‌ಹಾಗನ್ ಅನ್ನೋ ಆಫೀಸರನ ಡೈರಿ. ಆ ಮನುಷ್ಯ ಮ್ಯೂಸಿಯಂಗಳಿಂದ ಸತ್ತ ಹಕ್ಕಿಗಳ ಸ್ಪೆಸಿಮನ್ ಕದ್ದು ತಾನೇ ಹಿಡಿದಿದ್ದು ಅಂತ ಚೀಟಿ ಅಂಟಿಸಿದವನು ಅಂತ ಅವನು ಸತ್ತ ಮೇಲೆ ಬಯಲಾಯ್ತು. ಹಕ್ಕಿ ಕದ್ದವನು ಕತೆ ಕಟ್ಟಲ್ವಾ?

ಇನ್ನು ಜೇನಿನ ವಿಷಯ. ಇದಕ್ಕೇ ನಾನು ಈ ಕಾಗದ ಬರೆಯೋಕೆ ಕೂತಿದ್ದು.

ಮರಗಳಲ್ಲಿ ಟೊಳ್ಳು ದಿಮ್ಮಿಯ ಗೂಡುಗಳನ್ನ ತೂಗುಹಾಕಿದ್ರು, ನಿಮ್ಮವರು ಜೇನಿಗೋಸ್ಕರ. ಗುಂಡು ಆ ದಿಮ್ಮಿಗಳಿಗೆ ಬಿತ್ತು. ಆಫ್ರಿಕಾದ ಜೇನು ಎದ್ರೆ ಹೇಗಿರುತ್ತೆ ಅಂತ ನಮ್ಮ ಹೆಜ್ಜೇನು ಕಚ್ಚಿಸಿಕೊಂಡವರಿಗೆ ಹೇಳಬೇಕಿಲ್ಲ. 98ನೇ ಇನ್‌ಫೆಂಟ್ರಿ ಜೇನಿಗೆ ಸಿಕ್ಕಿ ಚೆಲ್ಲಾಪಿಲ್ಲಿ, ಜರ್ಮನ್ನರ ಕಡೆಯ ಮೆಷಿನ್ ಗನ್ನಿನವರೂ ಗನ್ನು ಬಿಟ್ಟು ಓಡಿದ್ರು, ಜೇನಿಗೇನು ಯೂನಿಫಾರ್ಮ್ ಗೊತ್ತಾಗುತ್ತಾ. ಆದ್ರೆ ಬ್ರಿಟಿಷರ ಕಡೆ ಇದು ಜರ್ಮನ್ನರು ತಂತಿ ಕಟ್ಟಿ ಬೇಕಂತಲೇ ಜೇನು ಎಬ್ಬಿಸಿದ್ದು ಅಂತ ಗಾಳಿಸುದ್ದಿ ಹಬ್ಬಿಸಿದ್ರು. ಸೋತವನಿಗೆ ಒಂದು ನೆಪ ಬೇಕಲ್ಲ. ಅಲ್ಲಿಂದ ಇದು ಜೇನುಗಳ ಯುದ್ಧ ಅಂತಲೇ ಹೆಸರಾಯ್ತು, ಇವತ್ತಿಗೂ ಯಾರು ಟಾಂಗಾ ಬಗ್ಗೆ ಬರೆದ್ರೂ ಮೊದಲ ಸಾಲೇ ಜೇನು, ಓದಿದವರು ಹಲ್ಲು ಕಿರಿದು ಮುಂದಕ್ಕೆ ಹೋಗ್ತಾರೆ. ನಾನೂ ಆ ಮರದಡಿ ಹಲ್ಲು ಕಿರಿದವನೇ.

ಅಕ್ಕನ ಮಗ ಆಮೇಲೆ ಒಂದು ಮಾತು ಹೇಳಿದ. ಸ್ವಾಹಿಲಿಯಲ್ಲಿ ಜೇನಿನ ದಿಮ್ಮಿಗೆ ಮ್ಜಿಂಗಾ ಅಂತಾರೆ, ಫಿರಂಗಿಗೂ ಮ್ಜಿಂಗಾ ಅಂತಾರೆ, ಎರಡೂ ಉದ್ದಕ್ಕೆ ಗುಂಡಗೆ ಟೊಳ್ಳು ಇರುತ್ತಲ್ಲ ಅದಕ್ಕೆ. ಯೋಚನೆ ಮಾಡಿ, ಆ ದಿನ ಊರಲ್ಲಿ ಎರಡು ಥರದ ಮ್ಜಿಂಗಾ ಇತ್ತು. ಒಂದು ಹಡಗಿನ ಮೇಲಿತ್ತು, ಅದರ ಬಗ್ಗೆ ಎಲ್ಲಾ ದಾಖಲೆ ಇದೆ, ಯಾವ ಹಡಗು, ಯಾರು ಕ್ಯಾಪ್ಟನ್ನು, ಎಷ್ಟೊತ್ತಿಗೆ ಹೊಡೆದಿದ್ದು. ಇನ್ನೊಂದು ಮರದ ಮೇಲಿತ್ತು. ಅದು ಯಾರದ್ದು? ಯಾರೋ ಒಬ್ಬ ಮರ ನೋಡಿ, ದಿಮ್ಮಿ ಕೊರೆದು, ಹಗ್ಗ ಹಾಕಿ ಏರಿಸಿ ಕಟ್ಟಿದ್ನಲ್ಲ. ಜೇನು ಕೂರೋಕೆ ಕಾದಿದ್ನಲ್ಲ. ಮಾರಿದ ದುಡ್ಡಿಗೆ ಏನೋ ಲೆಕ್ಕ ಇಟ್ಕೊಂಡಿದ್ದಿರಬೇಕು, ಮಗಳ ಮದುವೆಗೋ, ಜರ್ಮನ್ನರ ಕಂದಾಯಕ್ಕೋ. ನಮ್ಮ ಕಡೆ ಮಲೆನಾಡಲ್ಲಿ ಜೇನುಪೆಟ್ಟಿಗೆ ಇಟ್ಟವರ ಮನೇಲಿ ಒಂದು ಪೆಟ್ಟಿಗೆ ಕರಡಿ ಬೀಳಿಸಿದ್ರೂ ವಾರ ಪೂರ್ತಿ ಅದೇ ಮಾತು. ಎಂಟು ಸಾವಿರ ಜನ ಬಂದು ತೋಟಾನೇ ತುಳಿದು ಹೋದ್ರೆ? ನೂರಕ್ಕೂ ಹೆಚ್ಚು ವರ್ಷದಿಂದ ಆ ಜೇನಿನ ಜೋಕು ಹೇಳಿದವರಲ್ಲಿ ಯಾರಾದ್ರೂ ಒಬ್ಬರು ಗೂಡು ಯಾರದ್ದು ಅಂತ ಕೇಳಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಬೆಂಗಳೂರಿನವನಾಗಿ ನಾನು ಕೇಳ್ತಿದ್ದೀನಿ, ತಡವಾಯ್ತು, ಆದ್ರೂ.

ಹಡಗಿನ ಮ್ಜಿಂಗಾ ಏನು ಮಾಡಿತು ಅಂದ್ರೆ, ಫಾಕ್ಸ್ ಹೊಡೆದ ಗುಂಡುಗಳಲ್ಲಿ ಕೆಲವು ಊರಿನ ಆಸ್ಪತ್ರೆಗೇ ಬಿತ್ತು, ಅಲ್ಲಿ ಎರಡೂ ಕಡೆಯ ಗಾಯಾಳುಗಳು ಮಲಗಿದ್ರು.

5ನೇ ತಾರೀಕು ಬ್ರಿಟಿಷರು ಬಂದ ದಾರಿಯಲ್ಲೇ ಹಡಗು ಹತ್ತಿ ಹೊರಟ್ರು. ನಿಮ್ಮೂರಿನ ಮೇಲೆ ಒಂದು ಮಾತಿದೆಯಲ್ಲ, ವಾಜಾ ಲೇಓ ವಾಓಂಡೋಕಾ ಲೇಓ, ಇವತ್ತು ಬರ್ತಾರೆ ಇವತ್ತೇ ಹೋಗ್ತಾರೆ ಅಂತ, ಅದನ್ನ ಕೇಳಿದಾಗ ನಮ್ಮ ಬ್ರಿಗೇಡಿಗೇ ಹೇಳಿ ಮಾಡಿಸಿದ್ದು ಅನ್ನಿಸ್ತು. ದಡದಲ್ಲಿ ಬಿಟ್ಟು ಹೋಗಿದ್ದು ನೂರಾರು ರೈಫಲ್ಲು, ಹತ್ತಾರು ಮೆಷಿನ್ ಗನ್ನು, ಸುಮಾರು 6 ಲಕ್ಷ ಗುಂಡು, ಟೆಲಿಫೋನ್ ಸಾಮಾನು, ಕಂಬಳಿ. ಮೂರು ಕಂಪನಿಗೆ ಆಗೋವಷ್ಟು ಹೊಸ ರೈಫಲ್ ಸಿಕ್ತು ಅಂತ ಲೆಟ್ಟೋ ಖುಷಿಯಾಗಿ ಬರ್ಕೊಂಡಿದ್ದಾನೆ. ಮನುಷ್ಯರನ್ನೂ ಬಿಟ್ಟು ಹೋದ್ರು. ಬ್ರಿಟಿಷರ ಕಡೆ ಸತ್ತವರು ಸುಮಾರು 360, ಗಾಯ ಆದವರು ಕಾಣೆಯಾದವರು ಸೇರಿದ್ರೆ 800 ದಾಟುತ್ತೆ. ಜರ್ಮನ್ ಕಡೆ ಸತ್ತವರು ಸುಮಾರು 70 ಜನ, ಅದರಲ್ಲಿ ಬಿಳಿಯರು ಹದಿನೈದು ಹದಿನಾರು, ಮಿಕ್ಕವರೆಲ್ಲ ನಿಮ್ಮ ನೆಲದ ಅಸ್ಕಾರಿಗಳು. ಲಂಡನ್ನಲ್ಲಿ ಸುದ್ದಿಯನ್ನ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಗಂಡ ಎಲ್ಲಿ ಸತ್ತ ಅಂತ ಇಂಡಿಯಾದ ಹಳ್ಳಿಯಲ್ಲಿ ಎಷ್ಟು ತಿಂಗಳಾದ ಮೇಲೆ ಗೊತ್ತಾಯ್ತೋ, ಟಾಂಗಾ ಅನ್ನೋ ಹೆಸರನ್ನ ಆ ಹೆಂಗಸು ಹೇಗೆ ಉಚ್ಚರಿಸಿದಳೋ.

ಜರ್ಮನ್ನರಿಗೆ ಇದು ದೊಡ್ಡ ವಿಜಯ, ಲೆಟ್ಟೋ ಹೀರೋ. ಇಲ್ಲಿ ನಮ್ಮಲ್ಲೂ ಮಿಲಿಟರಿ ಇತಿಹಾಸದ ಹುಚ್ಚಿರೋ ಹುಡುಗರು ಏನ್ ಸ್ಟ್ರಾಟೆಜಿ ಗುರು ಅಂತ ಅವನನ್ನ ಹೊಗಳ್ತಾರೆ. ನನಗೆ ಅದೂ ಸರಿ ಕಾಣಲ್ಲ. ಟಾಂಗಾದಲ್ಲಿ ಗೆದ್ದಿದ್ದಕ್ಕೇ ಆ ಯುದ್ಧ ನಿಮ್ಮ ದೇಶದ ಮೈಮೇಲೆ ನಾಲ್ಕು ವರ್ಷ ಓಡಾಡ್ತು. ಬ್ರಿಟಿಷರು ಟಾಂಗಾ ಹಿಡಿದಿದ್ದೇ 1916ರ ಜುಲೈ 7ಕ್ಕೆ. ಯುರೋಪಲ್ಲಿ ಯುದ್ಧ ನಿಂತು ಎರಡು ವಾರ ಆದ್ಮೇಲೆ, 1918ರ ನವೆಂಬರ್ 25ಕ್ಕೆ, ಲೆಟ್ಟೋ ಉತ್ತರ ರೊಡೇಷಿಯಾದಲ್ಲಿ, ಈಗಿನ ಜಾಂಬಿಯಾದಲ್ಲಿ, ಶರಣಾದ. ಅಲ್ಲಿವರೆಗೂ ಎರಡೂ ಕಡೆಯವರು ಹಳ್ಳಿ ಹಳ್ಳಿಯಿಂದ ಗಂಡಸರನ್ನ ಹಿಡಿದು ತಲೆ ಮೇಲೆ ಹೊರೆ ಹೊರಿಸಿದ್ರು, ಲಾರಿ ಹೋಗದ ಕುದುರೆ ಬದುಕದ ಜಾಗದಲ್ಲಿ ಮನುಷ್ಯರೇ ಲಾರಿ. ದವಸ ಕಿತ್ಕೊಂಡ್ರು, ಬರ ಬಂತು. ಹೊರೆಯಾಳುಗಳು ಸತ್ತಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡ್ತಾರೆ, ಕಮ್ಮಿ ಲೆಕ್ಕ ಹಿಡಿದ್ರೂ ಹತ್ತಾರು ಸಾವಿರ. ದಾರ್ ಎಸ್ ಸಲಾಮಲ್ಲಿ ನಾನು ದಿನಾ ತರಕಾರಿಗೆ ಹೋಗ್ತಿದ್ದ ಕರಿಯಾಕೂ ಮಾರ್ಕೆಟ್ಟು, ಆ ಹೆಸರು ಕ್ಯಾರಿಯರ್ ಕೋರ್, ಅಂದ್ರೆ ಹೊರೆಯಾಳುಗಳ ಪಡೆ, ಅನ್ನೋದು ಬಾಯಲ್ಲಿ ತಿರುಗಿ ಆಗಿದ್ದು ಅಂತ ಗೊತ್ತಾದಾಗ ಕೈಲಿದ್ದ ಚೀಲ ಭಾರ ಅನ್ನಿಸ್ತು.

ಈಗ ನಮ್ಮೂರಿನ ಕಡೆ ಸ್ವಲ್ಪ ತಿರುಗ್ತೀನಿ, ಕದ್ದು ಓದ್ತಿರೋರು ಸರಿಯಾಗಿ ಕೇಳಿಸ್ಕೊಳ್ಳಿ. 1918ರಲ್ಲಿ ಮೈಸೂರು ಲ್ಯಾನ್ಸರ್ಸ್ ಹೈಫಾ ಗೆದ್ದಿದ್ದು ನಮಗೆಲ್ಲ ಗೊತ್ತು, ಬೆಂಗಳೂರಿನ ಜೆಸಿ ನಗರದಲ್ಲಿ ಸ್ಮಾರಕ ಇದೆ, ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿಸಿದ್ರು, ಪ್ರತಿ ಸೆಪ್ಟೆಂಬರಲ್ಲಿ ವಾಟ್ಸಾಪಲ್ಲಿ ಕುದುರೆ ಫೋಟೋ ಬರುತ್ತೆ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಗೆದ್ದಿದ್ದು ಮಾತ್ರ ನಮ್ಮದು, ಸೋತಿದ್ದು ಬ್ರಿಟಿಷರದ್ದು ಅನ್ನೋ ಲೆಕ್ಕ ಯಾವ ಬ್ಯಾಂಕಲ್ಲೂ ನಡೆಯಲ್ಲ. ಬ್ರಿಗೇಡ್ ರೋಡು ರೆಸಿಡೆನ್ಸಿ ರೋಡು ಸೇರೋ ಕಡೆ ಒಂದು ಹಳೇ ಯುದ್ಧ ಸ್ಮಾರಕ ಇದೆ, ಎಷ್ಟು ಜನ ನಿಂತು ನೋಡಿದ್ದೀವಿ? ಸಿಗ್ನಲ್ ಬೀಳೋ ಹೊತ್ತಲ್ಲಿ ಅದಕ್ಕೆ ಬೆನ್ನು ಹಾಕಿ ಆಟೋ ಬುಕ್ ಮಾಡ್ತೀವಿ. ವಾಪಸ್ ಬಂದ ಮೇಲೆ ನಾನು ಒಂದು ಇಲಾಖೆಗೆ ಅರ್ಜಿ ಬರೆದೆ, ಬೆಂಗಳೂರು ಬ್ರಿಗೇಡ್ ಟಾಂಗಾಕ್ಕೆ ಹೋಗಿದ್ದರ ಬಗ್ಗೆ ಒಂದು ಬೋರ್ಡ್ ಹಾಕಿ, ಕನ್ನಡದಲ್ಲಿ, ನಾಲ್ಕು ಸಾಲು ಸಾಕು ಅಂತ. ಎರಡು ತಿಂಗಳು ಬಿಟ್ಟು ಹೋಗಿ ವಿಚಾರಿಸಿದೆ. ಟೇಬಲ್ ಹಿಂದಿನ ತಮ್ಮ ಅರ್ಜಿ ಓದಿ, "ಸಾರ್, ಟಾಂಗಾ ಸ್ಟ್ಯಾಂಡ್ ವಿಷಯ ಆದ್ರೆ ಟ್ರಾಫಿಕ್‌ನವರಿಗೆ ಕೊಡ್ಬೇಕು" ಅಂದ. ಅವನ ಮೇಲೆ ಕೋಪ ಬರಲಿಲ್ಲ, ಹೋದ ವರ್ಷದವರೆಗೂ ನಾನೂ ಹಾಗೇ ತಿಳ್ಕೊಂಡಿದ್ದವನೇ.

ಬೋರ್ಡಲ್ಲಿ ಏನು ಬರೀಬೇಕು ಅಂತಾನೂ ಕಚ್ಚಾಡ್ತಾರೆ, ಅದು ನನಗೆ ಗೊತ್ತು. ವೀರರು ಅಂತ ಬರೀಬೇಕಾ, ಬ್ರಿಟಿಷರ ಗುಲಾಮರು ಅಂತ ಬರೀಬೇಕಾ, ಎರಡೂ ಗುಂಪಿನವರು ಸಿಗ್ತಾರೆ. ಯಾವುದೂ ಬೇಡ. ಇಂಥ ಇಸವಿ, ಇಂಥ ತಿಂಗಳು, ಈ ಊರಿನ ಹೆಸರಿನ ಬ್ರಿಗೇಡು ಟಾಂಗಾ ಅನ್ನೋ ಊರಿನ ಮೇಲೆ ದಾಳಿ ಮಾಡ್ತು, ಇಷ್ಟು ಜನ ಸತ್ರು, ಆ ಊರಲ್ಲಿ ಜನ ವಾಸ ಇದ್ರು. ಈ ಕೊನೇ ಐದು ಪದ ಮಾತ್ರ ಬಿಡಬಾರದು.

ಟಾಂಗಾದವರೇ, ನಿಮ್ಮ ಹತ್ರ ಕ್ಷಮೆ ಕೇಳ್ತೀನಿ ಅಂತ ನಾಟಕ ಮಾಡಲ್ಲ, ನಮ್ಮ ತಾತ ಮುತ್ತಾತ ಆಗ ಕೋಲಾರದ ಕಡೆ ರಾಗಿ ಹೊಲದಲ್ಲಿದ್ರು. ಬಂದವರೂ ತಾವಾಗೇ ಬಂದವರಲ್ಲ, ಸಂಬಳಕ್ಕೆ ದಂಡು ಸೇರಿದವರು, ಹಡಗು ಎಲ್ಲಿಗೆ ಹೋಗುತ್ತೆ ಅಂತ ಅವರನ್ನ ಯಾರೂ ಕೇಳಲಿಲ್ಲ. ಸತ್ತ ನಮ್ಮವರ ಗುರುತಿಗೆ ನಿಮ್ಮೂರಲ್ಲಿ ಸ್ಮಾರಕ ಇದೆ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ನೋಡ್ಕೊಳ್ಳುತ್ತೆ. ನಾವು ಹೋದ ದಿನ ಹುಲ್ಲು ಕತ್ತರಿಸಿದ್ರು, ಒಳಗೆ ಒಬ್ಬ ಹೆಂಗಸು ಮಗೂನ ಮಲಗಿಸಿಕೊಂಡು ನೆರಳಲ್ಲಿ ಕೂತಿದ್ರು, ನಮ್ಮನ್ನ ನೋಡಿ ಕರಿಬೂ, ಬನ್ನಿ, ಅಂದ್ರು. ಅವರ ಮನೆಗೆ ಬಂದವರನ್ನ ಕರೆದ ಹಾಗೆ. ಅಷ್ಟು ಸಾಕಾಗಿತ್ತು ನನಗೆ.

ನಾನು ಕೇಳ್ತಿರೋದು ಒಂದೇ. ನ್ಗಾಮಿಯಾನಿಯಲ್ಲೋ, ರಾಸ್ ಕಝೋನೆ ಕಡೆಯೋ, ಮುಹೇಝಾದ ದಾರಿಯಲ್ಲೋ, ನಿಮ್ಮ ಮನೆಗಳಲ್ಲಿ ಮುತ್ತಜ್ಜಿ ಹೇಳ್ತಿದ್ದ ಮಾತು ಏನಾದ್ರೂ ಉಳಿದಿದ್ರೆ, ಹಡಗು ಬಂದ ದಿನ ಎಲ್ಲಿಗೆ ಓಡಿದ್ವಿ, ವಾಪಸ್ ಬಂದಾಗ ಮನೇಲಿ ಏನಿತ್ತು ಏನಿರಲಿಲ್ಲ, ಗಂಡಸರನ್ನ ಹೊರೆಗೆ ಹಿಡ್ಕೊಂಡು ಹೋಗಿದ್ದು ಯಾವ ಕಡೆಯವರು, ಏನಿದ್ರೂ ಸರಿ, ಅಕ್ಕನ ಮಗನಿಗೆ ಹೇಳಿ. ಬರೋ ನವೆಂಬರ್ 4ಕ್ಕೆ ಅವನು ಮತ್ತೆ ಟಾಂಗಾಕ್ಕೆ ಬರ್ತಾನೆ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ನನಗೆ ಕಳಿಸ್ತಾನೆ, ನಾನು ಕನ್ನಡ ಮಾಡ್ತೀನಿ. ಆ ಮರದಡಿಯ ತಾತ ಸಿಕ್ಕಿದ್ರೆ ಅವರಿಗೆ ನನ್ನ ಶಿಕಾಮೂ ಹೇಳಿ, ಮತ್ತೆ ಅವರ ಕಡೆ ಯಾರ ಮನೇಲಾದ್ರೂ ಈಗಲೂ ಮರಕ್ಕೆ ದಿಮ್ಮಿ ಕಟ್ಟೋರು ಇದ್ರೆ ಆ ಮನೆ ತೋರ್ಸಿ. ಹುಡುಗನ ಕೈಲಿ ದುಡ್ಡು ಕೊಟ್ಟಿರ್ತೀನಿ, ಎರಡು ಬಾಟಲಿ ಜೇನು ಬೇಕು.